ನಮ್ಮ ಊರಿನ ಗ್ರಂಥಾಲಯ: ಪುರಸಭೆಯ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಪುರಸಭೆಯ ಮಾನ್ಯ ಅಧ್ಯಕ್ಷರ ಸನ್ನಿಧಿಗೆ,



ಊರೊಳಗೆ ತೀರಬೇಕಾಗಿದ್ದ ಮಾತನ್ನು ಪತ್ರಿಕೆಯ ಮುಖಾಂತರ ನಾಡಿಗೆಲ್ಲ ತಿಳಿಸಬೇಕಾಗಿ ಬಂದುದು ನನಗೆ ಸಂತೋಷದ ಸಂಗತಿಯಲ್ಲ. ತಮ್ಮ ಕಚೇರಿಯಲ್ಲಿ ಮೊಹರು ಹಾಕಿಸಿಕೊಂಡು ಸಲ್ಲಿಸಿದ ಮನವಿಗಳಿಗೆ, ವಿಷಯವು ಪರಿಶೀಲನೆಯಲ್ಲಿದೆಯೆಂಬ ಹಿಂಬರಹದ ಹೊರತು ಬೇರೆ ಉತ್ತರ ಬಾರದೆ, ತಮ್ಮನ್ನು ಮುಖತಃ ಕಂಡು ಅರಿಕೆ ಮಾಡಿಕೊಳ್ಳಲು ಬಂದ ಹಿರಿಯ ಓದುಗರು ಹೊರಗಿನ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕುಳಿತು ಹಾಗೆಯೇ ಮನೆಗೆ ಮರಳಿ, ಗ್ರಂಥಾಲಯದ ಜಿಲ್ಲಾ ಕಚೇರಿಗೆ ಬರೆದ ಪತ್ರವು ಕಟ್ಟಡ ಪುರಸಭೆಯದೆಂಬ ಷರಾದೊಡನೆ ತಿರುಗಿ ತಮ್ಮ ಕಚೇರಿಗೇ ಬಂದು ಸೇರಿದ ಮೇಲೆ, ಬಹಿರಂಗವಾಗಿ ಬರೆಯದೆ ನಮಗೆ ಗತ್ಯಂತರವಿಲ್ಲದಾಯಿತು.

ನಡೆದುದೆಲ್ಲ ಊರು ಬಲ್ಲ ವಿಷಯವಾದುದರಿಂದ ಅದನ್ನು ಬೆಳಸಿ ಹೇಳಬೇಕಾಗಿಲ್ಲ. ಪೇಟೆ ಬೀದಿಯ ಗ್ರಂಥಾಲಯದ ಹೆಂಚಿನ ಕಟ್ಟಡ ಶಿಥಿಲವಾಗಿದೆಯೆಂದು ವರದಿ ಬಂದಿತು, ಅದನ್ನು ಕೆಡವಿ ವಾಣಿಜ್ಯ ಸಂಕೀರ್ಣ ಕಟ್ಟಬೇಕೆಂದು ಠರಾವಾಯಿತು, ಓದುಗರು ಆಕ್ಷೇಪಿಸಿದರು. ಆಗ ತಾವೇ ವಾಚನಾಲಯಕ್ಕೆ ದಯಮಾಡಿಸಿ, ದಿನಪತ್ರಿಕೆಗಳನ್ನು ಹರಡಿದ್ದ ಉದ್ದನೆಯ ಮೇಜಿನ ಬಳಿ ನಿಂತು, ನೆಲಮಟ್ಟದಲ್ಲಿ ಮಾತ್ರ ಮಳಿಗೆಗಳೆಂದೂ, ಮೇಲಂತಸ್ತು ಸಮಗ್ರವಾಗಿ ಗ್ರಂಥಾಲಯಕ್ಕೇ ಮೀಸಲೆಂದೂ, ಕಟ್ಟಡ ಮುಗಿದ ಕೂಡಲೆ ಪುಸ್ತಕಗಳು ತಮ್ಮ ಸ್ಥಾನಕ್ಕೆ ಹಿಂದಿರುಗುವುವೆಂದೂ ನೆರೆದಿದ್ದವರೆಲ್ಲರ ಎದುರಿಗೆ ವಚನವಿತ್ತಿರಿ. ಆ ವಚನ ಮರುತಿಂಗಳ ಸಾಮಾನ್ಯ ಸಭೆಯ ನಡಾವಳಿಯಲ್ಲಿಯೂ ಸೇರಿದೆ. ಅದನ್ನು ನಂಬಿ ನಾವು ಸುಮ್ಮನಾದೆವು. ನಂಬಿದ್ದರಿಂದಲೇ ಊರಿನ ಹುಡುಗರು ಒಂದು ಭಾನುವಾರವೆಲ್ಲ ದುಡಿದು, ಪುಸ್ತಕಗಳನ್ನು ಕಟ್ಟುಕಟ್ಟಾಗಿ ಸಂತೆಮಾಳದ ಗೋದಾಮಿಗೆ ಸಾಗಿಸಿಕೊಟ್ಟರು. ಕಟ್ಟಡವೇನೋ ಮುಗಿಯಿತು. ಕೆಳಗಿನ ಮಳಿಗೆಗಳು ಹರಾಜಾದುವು. ಆಮೇಲೆ ಮೇಲಂತಸ್ತೂ ಒಂದು ಖಾಸಗಿ ಹಣಕಾಸು ಸಂಸ್ಥೆಗೆ ಬಾಡಿಗೆಗೆ ಹೋಯಿತು. ಪುಸ್ತಕಗಳು ಇಂದಿಗೂ ಗೋದಾಮಿನಲ್ಲಿ ಗೋಣಿಚೀಲದೊಳಗಿವೆ.

ಒಂದು ಕೋಣೆಗಾಗಿ ಇಷ್ಟೊಂದು ಮಾತೇಕೆಂದು ತಮಗೆ ತೋರಬಹುದು. ಆ ಕೋಣೆ ಹೇಗೆ ಊರಿನದಾಯಿತೆಂಬುದನ್ನು ತಾವು ತಿಳಿದಿದ್ದರೆ ಹಾಗೆ ತೋರಲಾರದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರವರೆಗಿನ ಕಾಲದಲ್ಲಿ ಬೆಂಗಳೂರು ಮೈಸೂರುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಸ್ಥಾಪಿತವಾಗಿ, 1915ರಲ್ಲಿ ಸಾಹಿತ್ಯ ಪರಿಷತ್ತೂ 1916ರಲ್ಲಿ ವಿಶ್ವವಿದ್ಯಾನಿಲಯವೂ ಉದಿಸಿ, ಜ್ಞಾನವು ಅರಮನೆ ಅಗ್ರಹಾರಗಳನ್ನು ದಾಟಿ ಪೇಟೆ ಬೀದಿಗೆ ಬರಬೇಕೆಂಬ ಹಂಬಲ ನಾಡಿನಲ್ಲೆಲ್ಲ ಹಬ್ಬಿದ್ದ ಆ ದಿನಗಳ ಉತ್ಸಾಹವೇ, ಕೆಲವು ವರ್ಷಗಳು ಕಳೆಯುವುದರೊಳಗಾಗಿ, ನಮ್ಮಂಥ ಸಣ್ಣ ಊರಿಗೂ ತಲಪಿತು. ಮಿಡ್ಲ್‌ಸ್ಕೂಲಿನ ಉಪಾಧ್ಯಾಯರು, ಮುನ್ಸೀಫ್ ಕೋರ್ಟಿನ ವಕೀಲರು, ಬೆಲ್ಲದ ಮಂಡಿಯ ವರ್ತಕರು ಕೂಡಿ ತಿಂಗಳ ವಂತಿಗೆ ಎತ್ತಿ, ಒಂದು ಜಗಲಿಯ ಮೇಲೆ ಪತ್ರಿಕೆಗಳನ್ನಿಟ್ಟು ವಾಚನಾಲಯವೆಂದು ಕರೆದರು. ಸಂಜೆಯಾದರೆ ಓದಬಲ್ಲವನೊಬ್ಬ ಗಟ್ಟಿಯಾಗಿ ಓದುವುದೂ ಓದಲಾರದವರು ಸುತ್ತಲೂ ಕುಳಿತು ಕೇಳುವುದೂ ಆಗ ರೂಢಿಯಾಗಿತ್ತಂತೆ. ‘ತಾಯಿನಾಡು’, ‘ವಿಶ್ವಕರ್ನಾಟಕ’ ಪತ್ರಿಕೆಗಳನ್ನು ತರಿಸುವುದಕ್ಕೂ ಒಂದಿಷ್ಟು ಎದೆಗಾರಿಕೆ ಬೇಕಾಗಿದ್ದ ವರ್ಷಗಳಲ್ಲಿ ಆ ಜಗಲಿಯಲ್ಲಿ ಅವು ತಪ್ಪದೆ ಇರುತ್ತಿದ್ದುವೆಂದು ಹಿರಿಯರು ಹೆಮ್ಮೆಯಿಂದ ಹೇಳುತ್ತಿದ್ದುದನ್ನು ನಾನು ಕೇಳಿದ್ದೇನೆ.

ಪೇಟೆ ಬೀದಿಯ ನಿವೇಶನವನ್ನು ಕೊಟ್ಟವರು ಮಂಡಿಯ ವರ್ತಕರೊಬ್ಬರ ವಿಧವೆ. ಸ್ವತಃ ಅಕ್ಷರವರಿಯದ ಆ ತಾಯಿ ಹೆಬ್ಬೆಟ್ಟೊತ್ತಿ ಬರೆಸಿಕೊಟ್ಟ ದಾನಪತ್ರದಲ್ಲಿ, ಈ ಸ್ಥಳದಲ್ಲಿ ಸರ್ವಜನರ ಓದಿಗಾಗಿ ಪುಸ್ತಕಗಳು ಇರತಕ್ಕದ್ದೆಂದೂ, ಇದರಿಂದ ಬಾಡಿಗೆಯ ಲಾಭವನ್ನು ಯಾರೂ ಎತ್ತತಕ್ಕದ್ದಲ್ಲವೆಂದೂ ಸ್ಪಷ್ಟವಾಗಿ ನಮೂದಾಗಿದೆ. ಅದರ ನಕಲನ್ನು ನಮ್ಮ ಮೊದಲನೆಯ ಮನವಿಯೊಡನೆಯೇ ಲಗತ್ತಿಸಿದ್ದೆವು. ಅದನ್ನು ತಾವು ಓದಿದಿರೋ ಇಲ್ಲವೋ ತಿಳಿಯದು. ಓದಿದ ಮೇಲೂ ಮೇಲಂತಸ್ತನ್ನು ಬಾಡಿಗೆಗೆ ಕೊಟ್ಟಿದ್ದರೆ, ಅದು ನಮಗೆ ಕೊಟ್ಟ ಮಾತಿನ ಭಂಗ ಮಾತ್ರವಲ್ಲದೆ, ತೀರಿಹೋದವರೊಬ್ಬರ ನಂಬಿಕೆಯ ಭಂಗವೂ ಆಗುತ್ತದೆ.

ಆ ಚೀಲಗಳಲ್ಲಿ ಏನಿದೆಯೆಂಬುದನ್ನಾದರೂ ಕೇಳಿಕೊಳ್ಳಬೇಕು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಬಂದ ಕಿಟ್ಟೆಲರ ನಿಘಂಟು ಅವುಗಳಲ್ಲಿದೆ. ಹಯವದನರಾಯರು ಸಂಪಾದಿಸಿದ ಮೈಸೂರು ಗ್ಯಾಸೆಟಿಯರಿನ ಸಂಪುಟಗಳಿವೆ. ನಮ್ಮ ಕೆರೆಯ ಏರಿಯ ಮೇಲಿನ ವೀರಗಲ್ಲಿನ ಪಾಠವನ್ನು ಅಚ್ಚಿನಲ್ಲಿ ನೋಡಬೇಕೆಂದು ಬಯಸಿದ ಯಾವ ವಿದ್ಯಾರ್ಥಿಗೂ ಬೇಕಾಗುವ, ರೈಸ್ ಸಾಹೇಬರು ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟವಿದೆ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ತಂದ ಕಾದಂಬರಿಗಳಿವೆ, ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರಲೆದು ಮಾರಿದ ಗಳಗನಾಥರ ಕಾದಂಬರಿಗಳಿವೆ, ಕಾರಂತರ ‘ಬಾಲಪ್ರಪಂಚ’ವಿದೆ, ‘ಪ್ರಬುದ್ಧ ಕರ್ನಾಟಕ’ದ ಹಳೆಯ ಸಂಚಿಕೆಗಳಿವೆ, ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯಲ್ಲಿ ಬಂದ ಋಗ್ವೇದದ ಸಂಪುಟಗಳಿವೆ. ಇವುಗಳಲ್ಲಿ ಕೆಲವನ್ನು ಹಣ ಕೊಟ್ಟರೂ ಮತ್ತೆ ಪಡೆಯುವುದು ಸುಲಭವಲ್ಲ. ಕಳೆದ ಮಳೆಗಾಲದಲ್ಲಿ ಗೋದಾಮಿನ ತಗಡು ಸೋರಿತು. ಕೆಳಗಿನ ಸಾಲಿನ ಚೀಲಗಳಿಗೆ ಗೆದ್ದಲು ಹತ್ತಿದೆ. ನಾವು ಬೀಗದ ಕೈ ಕೇಳಿದರೆ, ಪುಸ್ತಕಗಳು ಗ್ರಂಥಾಲಯ ಇಲಾಖೆಯವಾದುದರಿಂದ ಕೊಡಲಾಗದೆಂದು ತಮ್ಮ ಕಚೇರಿ ಹೇಳಿತು. ಗೋದಾಮು ಪುರಸಭೆಯದಾದುದರಿಂದ ಅದು ತಮಗೆ ಸಂಬಂಧಿಸಿದ್ದಲ್ಲವೆಂದು ಅತ್ತಲಿನವರು ಹೇಳಿದರು. ಪುಸ್ತಕ ಒಬ್ಬರದು, ಚಾವಣಿ ಇನ್ನೊಬ್ಬರದು ಎಂಬ ಈ ವಿಂಗಡಣೆಯ ನಡುವೆ ಗೆದ್ದಲಿಗೆ ಮಾತ್ರ ಯಾವ ಅಡ್ಡಿಯೂ ಇಲ್ಲವಾಗಿದೆ.

ಗ್ರಂಥಾಲಯವು ಸರ್ಕಾರವು ದಯೆಯಿಂದ ಕೊಡಮಾಡುವ ಕಾಣಿಕೆಯೆಂಬ ಭಾವನೆ ಅಧಿಕಾರಸ್ಥರಲ್ಲಿ ಬೇರೂರಿರುವಂತೆ ಕಾಣುವುದರಿಂದ, ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 1956ರಲ್ಲಿ ಕನ್ನಡ ನಾಡು ಒಂದಾದಾಗ, ಮದರಾಸಿನಿಂದ ಬಂದ ದಕ್ಷಿಣ ಕನ್ನಡಕ್ಕೆ 1948ರ ಗ್ರಂಥಾಲಯ ಶಾಸನವಿದ್ದಿತು. ಹೈದರಾಬಾದಿನಿಂದ ಬಂದ ಜಿಲ್ಲೆಗಳಿಗೆ 1955ರದು ಇದ್ದಿತು. ಹಳೆಯ ಮೈಸೂರಿಗೆ ಯಾವುದೂ ಇರಲಿಲ್ಲ. ಇಡೀ ರಾಜ್ಯಕ್ಕೆ ಒಂದೇ ಶಾಸನ 1965ರಲ್ಲಿ ಅಂಗೀಕೃತವಾಗಿ, 1966ರ ನವೆಂಬರ್ 1ರಂದು, ರಾಜ್ಯೋದಯದ ದಿನದಂದೇ, ಜಾರಿಗೆ ಬಂದಿತು. ವಂತಿಗೆಯಿಂದ ಬದುಕುತ್ತಿದ್ದ ನಮ್ಮ ವಾಚನಾಲಯ ಶಾಖಾ ಗ್ರಂಥಾಲಯವಾದುದು ಆ ಬಳಿಕ. ಗ್ರಂಥಾಲಯಕ್ಕೆ ಹಣವೆಲ್ಲಿಂದ ಬರಬೇಕೆಂಬುದನ್ನೂ ಆ ಶಾಸನವೇ ಗೊತ್ತುಮಾಡಿತು: ಮನೆ ನಿವೇಶನಗಳ ತೆರಿಗೆಯ ಮೇಲೆ ರೂಪಾಯಿಗೆ 3 ಪೈಸೆಯಂತೆ ಮೊದಲು ವಿಧಿಸಿದ ಗ್ರಂಥಾಲಯ ಕರ ಅನಂತರ 6 ಪೈಸೆಗೆ ಏರಿತು. ನಮ್ಮ ತೆರಿಗೆಯ ರಸೀತಿಯಲ್ಲಿ ಆರೋಗ್ಯ ಕರದ ಕೆಳಗೆ, ಭಿಕ್ಷುಕರ ಕರದ ಮಗ್ಗುಲಲ್ಲಿ ಆ ಮೊತ್ತ ಇಂದಿಗೂ ಅಚ್ಚಾಗಿ ಬರುತ್ತದೆ. ಪುಸ್ತಕಗಳು ಗೋದಾಮಿಗೆ ಹೋದ ವರ್ಷವೂ ಅದನ್ನು ಕೊಟ್ಟೆವು; ಈ ವರ್ಷವೂ ಕೊಟ್ಟಿದ್ದೇವೆ. ಆ ಹಣ ಪುರಸಭೆಯದಲ್ಲ. ಓದುಗರ ಸಲುವಾಗಿ ವಸೂಲು ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಒಪ್ಪಿಸಬೇಕಾದ ನ್ಯಾಸದ ಹಣ. ನಮ್ಮಿಂದ ವಸೂಲಾದುದೆಷ್ಟು, ಒಪ್ಪಿಸಿದ್ದೆಷ್ಟು ಎಂದು ಕೇಳಿದ ನಮ್ಮ ಅರ್ಜಿಗೂ ಬಂದುದು ಒಂದು ಹಿಂಬರಹವೇ.

ಗ್ರಂಥಾಲಯ ಶಾಸ್ತ್ರಕ್ಕೆ ಭಾರತದಲ್ಲಿ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1972ರಲ್ಲಿ ಅಲ್ಲಿಯೇ ಕಾಲವಾದರು. 1931ರಲ್ಲಿ ಅವರು ಪ್ರಕಟಿಸಿದ ಪಂಚಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳು ಉಪಯೋಗಕ್ಕಾಗಿ ಇರುವುವೆಂಬ ತತ್ತ್ವ. ಇಷ್ಟು ಸರಳವಾದ ಮಾತಿಗೆ ಸೂತ್ರವೇಕೆಂದು ಕೇಳುವವರಿಗೆ ಅವರ ವಿವರಣೆಯೇ ಉತ್ತರ. ಯೂರೋಪಿನಲ್ಲಿ ಒಂದು ಕಾಲಕ್ಕೆ ಪುಸ್ತಕಗಳನ್ನು ಕಪಾಟಿಗೆ ಸರಪಳಿಯಿಂದ ಬಿಗಿದಿಡುತ್ತಿದ್ದರೆಂಬುದನ್ನು ನೆನಪಿಸಿ, ಗ್ರಂಥಾಲಯವನ್ನು ಎಲ್ಲಿ ಕಟ್ಟುತ್ತಾರೆ, ಎಷ್ಟು ಹೊತ್ತು ತೆರೆದಿಡುತ್ತಾರೆ ಎಂಬುದರಿಂದಲೇ ಆ ಊರಿಗೆ ಪುಸ್ತಕದ ಮೇಲೆ ನಿಜವಾದ ಆಸ್ಥೆ ಇದೆಯೋ ಇಲ್ಲವೋ ಗೊತ್ತಾಗುವುದೆಂದು ಅವರು ತೋರಿಸಿಕೊಟ್ಟರು. ಜನ ಸಹಜವಾಗಿ ಓಡಾಡುವ ಎಡೆಯಲ್ಲಿಯೇ ಗ್ರಂಥಾಲಯವಿರಬೇಕು. ಪೇಟೆ ಬೀದಿ ಅಂಥ ಎಡೆ. ಬಸ್ಸಿಗೆ ಕಾಯುವ ರೈತ, ಕಾಲೇಜು ಬಿಟ್ಟು ಬರುವ ಹುಡುಗಿ, ತರಕಾರಿಗೆ ಬಂದ ಗೃಹಿಣಿ, ಎಲ್ಲರಿಗೂ ಅದು ದಾರಿಯಲ್ಲಿಯೇ ಸಿಕ್ಕುತ್ತಿತ್ತು. ಊರ ಹೊರಗಿನ ಬಡಾವಣೆಯಲ್ಲಿ ಮುಂದೆಂದಾದರೂ ಜಾಗ ನೋಡೋಣವೆಂದು ತಾವು ಒಮ್ಮೆ ಅಂದಿರಂತೆ. ಮಾತು ಕೊಟ್ಟುದು ಬಡಾವಣೆಯ ವಿಷಯವಾಗಿ ಅಲ್ಲ, ಮೇಲಂತಸ್ತಿನ ವಿಷಯವಾಗಿ.

ಇನ್ನೊಂದು ಮಾತನ್ನೂ ನೀವು ಆಡಿದಿರಿ, ಅದನ್ನು ನಾನು ಸ್ವತಃ ಕೇಳಿದೆ. ಈಗ ಯಾರು ಪುಸ್ತಕ ಓದುತ್ತಾರೆ, ಎಲ್ಲವೂ ಮೊಬೈಲಿನಲ್ಲಿಯೇ ಸಿಕ್ಕುತ್ತದಲ್ಲ ಎಂದಿರಿ. ಅಧ್ಯಕ್ಷರೇ, ಗ್ರಂಥಾಲಯ ಮುಚ್ಚುವ ದಿನದವರೆಗೂ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕಾದಿರುತ್ತಿದ್ದವರು ಯಾರೆಂದು ನಿಮಗೆ ಗೊತ್ತೇ? ಪೊಲೀಸ್ ಪೇದೆಯ ಪರೀಕ್ಷೆಗೆ, ಪಿಡಿಒ ಪರೀಕ್ಷೆಗೆ, ಕೆಎಎಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಎರಡು ಕೋಣೆಯ ಮನೆಯಲ್ಲಿ ಆರು ಜನರಿರುವಾಗ ಓದಲು ಅವರಿಗೆ ಬೇಕಾಗಿದ್ದುದು ಒಂದು ಕುರ್ಚಿ, ಒಂದು ದೀಪ, ಒಂದಿಷ್ಟು ನಿಶ್ಶಬ್ದ. ಮೊಬೈಲು ಇವುಗಳಲ್ಲಿ ಯಾವುದನ್ನು ಕೊಟ್ಟೀತು? ಜಿಲ್ಲಾ ಕೇಂದ್ರದ ಖಾಸಗಿ ಓದುವ ಕೊಠಡಿಗಳಿಗೆ ತಿಂಗಳು ತಿಂಗಳು ಹಣ ತೆತ್ತು, ಬಸ್ಸಿನ ಖರ್ಚನ್ನೂ ಹೊತ್ತು ಹೋಗಬಲ್ಲವರು ಈಗ ಅಲ್ಲಿಗೆ ಹೋಗುತ್ತಿದ್ದಾರೆ. ಹೋಗಲಾರದವರು ಓದನ್ನೇ ಬಿಟ್ಟಿದ್ದಾರೆ. ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಮನೆಯವರು ನಿಶ್ಚಿಂತೆಯಿಂದ ಕಳಿಸುತ್ತಿದ್ದ ಒಂದೇ ಸಾರ್ವಜನಿಕ ಸ್ಥಳವನ್ನು ನೀವು ಅವರಿಂದ ಕಿತ್ತುಕೊಂಡಿರಿ.

ಹಳ್ಳಿಗಳ ಗತಿ ಈಗ ನಮಗಿಂತ ಮೇಲು. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ ಅರಿವು ಕೇಂದ್ರಗಳೆಂಬ ಹೆಸರು ಪಡೆದ ಮೇಲೆ, ನಮ್ಮ ಸುತ್ತಲ ಎಷ್ಟೋ ಹಳ್ಳಿಗಳಲ್ಲಿ ಗೋಡೆಗೆ ಸುಣ್ಣ ಬಿದ್ದಿದೆ, ಮಕ್ಕಳಿಗೆ ಕೂರಲು ಜಾಗವಾಗಿದೆ. ತಾಲ್ಲೂಕು ಕೇಂದ್ರವೆನ್ನಿಸಿಕೊಂಡ ಊರಿನ ಮಕ್ಕಳು ಹಳ್ಳಿಗೆ ಹೋಗಿ ಪುಸ್ತಕ ಕೇಳಬೇಕಾದ ಸ್ಥಿತಿ ಬಂದಿದೆ.

ಗ್ರಂಥಾಲಯವೊಂದೇ ಆಗಿದ್ದರೆ ಇಷ್ಟು ನೊಂದು ಬರೆಯುತ್ತಿರಲಿಲ್ಲವೇನೋ. ಪ್ರೌಢಶಾಲೆಯ ಆಟದ ಬಯಲಿನ ಅರ್ಧ ಭಾಗ ಮಳಿಗೆಗಳ ಸಾಲಾಗಿದೆ. ಸಂತೆಮಾಳದ ಬೇವಿನ ಮರಗಳು ಹೋಗಿ ಅಲ್ಲಿ ವಾಹನ ನಿಲ್ಲಿಸಲು ಶುಲ್ಕ ವಸೂಲಾಗುತ್ತಿದೆ. ಕೆರೆಯಂಗಳಕ್ಕೆ ಮಣ್ಣು ತುಂಬಿ ನಿವೇಶನದ ಕಲ್ಲು ನೆಟ್ಟವರ ಮೇಲೆ ಕ್ರಮ ಜರುಗಿದ್ದನ್ನು ನಾವು ಕಾಣೆವು. ಹಣ ತೆರದೆ ಒಬ್ಬ ಮನುಷ್ಯ ಒಂದು ಗಳಿಗೆ ಕುಳಿತುಕೊಳ್ಳಬಹುದಾದ ಸ್ಥಳಗಳೆಲ್ಲ ಒಂದೊಂದಾಗಿ ಹರಾಜಿನ ಪಟ್ಟಿಗೆ ಬಂದಿವೆ. ಊರಿನ ಆದಾಯ ಹೆಚ್ಚಿತೆಂದು ನೀವು ಆಯವ್ಯಯದ ಭಾಷಣದಲ್ಲಿ ಹೇಳಿದಿರಿ. ಆ ಆದಾಯದಿಂದ ಊರಿಗೆ ದೊರೆತುದೇನು? ಚರಂಡಿಗಳು ಹಾಗೆಯೇ ಇವೆ, ಬೀದಿದೀಪಗಳು ಹಾಗೆಯೇ ಇವೆ, ಮೇಲಂತಸ್ತು ಮಾತ್ರ ಕೈಬಿಟ್ಟು ಹೋಯಿತು.

ಕಟ್ಟಡದ ಭಾರವನ್ನೂ ಆರ್ಥಿಕ ಮುಗ್ಗಟ್ಟನ್ನೂ ಕುರಿತ ವಿವರಣೆಗಳನ್ನು ಸಾಕಷ್ಟು ಕೇಳಿದ್ದಾಗಿದೆ. ಮೇಲಂತಸ್ತಿನ ಬಾಡಿಗೆಯ ಕರಾರನ್ನು ರದ್ದುಪಡಿಸಿ ಅದನ್ನು ಗ್ರಂಥಾಲಯಕ್ಕೆ ಬಿಟ್ಟುಕೊಡಿ. ಅದಾಗುವವರೆಗೆ ಕಾಯಲಾರದ ಪುಸ್ತಕಗಳನ್ನು ಈ ಮಳೆಗಾಲಕ್ಕೆ ಮೊದಲೇ ಚೀಲಗಳಿಂದ ಹೊರತೆಗೆಸಿ, ದಾಖಲೆ ವಹಿಯೊಡನೆ ತಾಳೆನೋಡಿಸಿ, ಪುರಸಭೆಯ ಸಭಾಂಗಣದಲ್ಲಿಯೇ ಇರಿಸಿ. ಒರಸುವ ಒಣಗಿಸುವ ಕೆಲಸಕ್ಕೆ ಓದುಗರು ಬರುತ್ತೇವೆ, ಕೂಲಿ ಕೇಳುವುದಿಲ್ಲ. ಗ್ರಂಥಾಲಯ ಕರದ ಲೆಕ್ಕವನ್ನು, ವಸೂಲಾದುದನ್ನೂ ಒಪ್ಪಿಸಿದುದನ್ನೂ ವರ್ಷವಾರು ಬರೆದು, ಕಚೇರಿಯ ಸೂಚನಾ ಫಲಕದ ಮೇಲೆ ಹಚ್ಚಿಸಿ.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಮೊದಲನೆಯದಾಗಿರಲಿ. ದಾನಪತ್ರದ ಮೂಲಪ್ರತಿಯನ್ನೂ, ನಿಮ್ಮ ವಚನ ದಾಖಲಾದ ನಡಾವಳಿಯ ಪ್ರತಿಯನ್ನೂ ತೆಗೆದುಕೊಂಡು ನಾವು ಅಂದು ಸಭೆಗೆ ಬರುತ್ತೇವೆ. ಆ ಎರಡನ್ನೂ ಸದಸ್ಯರ ಮುಂದೆ ಗಟ್ಟಿಯಾಗಿ ಓದಿಸಿ, ಮೇಲಂತಸ್ತನ್ನು ಬಾಡಿಗೆಗೆ ಕೊಡುವ ಅಧಿಕಾರ ನಿಮಗೆ ಯಾವುದರಿಂದ ಬಂದಿತೆಂಬುದನ್ನು ಅಲ್ಲಿಯೇ, ಎಲ್ಲರ ಎದುರಿಗೇ ಹೇಳಿ.

ಇಂತು,
ಊರಿನ ಗ್ರಂಥಾಲಯದ ಓದುಗ, ಗ್ರಂಥಾಲಯ ಕರವನ್ನು ಇಂದಿಗೂ ತೆರುತ್ತಿರುವವನು