ಒಂದೇ ತಿಂಗಳಿನ ಎರಡು ಸ್ವಾತಂತ್ರ್ಯಗಳು

ಪ್ರತಿವರ್ಷವೂ ಆಗಸ್ಟ್ 15ರಂದು ತ್ಯಾವಣಿಗೆಯಂತಹ ಊರುಗಳಲ್ಲಿಯೂ ರಾಷ್ಟ್ರಧ್ವಜವು ಏರುತ್ತದೆ. ಶಾಲೆಯ ಮಕ್ಕಳು ಮೆರವಣಿಗೆ ಹೊರಡುತ್ತಾರೆ. ಹಿರಿಯರು ದೇಶಕ್ಕಾಗಿ ಸೆರೆಮನೆ ಸೇರಿದವರನ್ನು ಸ್ಮರಿಸುತ್ತಾರೆ. ಇದು ಆಗತಕ್ಕದ್ದೇ. ಆದರೆ 1947ರ ಆ ದಿನವೇ ಎಲ್ಲರ ಸೆರೆಯೂ ಬಿಟ್ಟಿತೆಂದು ಭಾವಿಸುವುದು ಸರಿಯಲ್ಲ. ಇಡೀ ಜನಾಂಗಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಎಣಿಸುವ ಕಾಯಿದೆಯೊಂದು ಅಂದು ದೇಶದಲ್ಲಿ ಇನ್ನೂ ಉಸಿರಾಡುತ್ತಿದ್ದಿತು.

ಬ್ರಿಟಿಷರು 1871ರಲ್ಲಿ ಹೊರಡಿಸಿದ ಈ ಕಾಯಿದೆಯು 1911ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆಲ್ಲ ಹಬ್ಬಿತು. ಲಂಬಾಣಿ, ಕೊರಚ, ಹರಣಶಿಕಾರಿ, ಗಂಟಿಚೋರ ಮೊದಲಾದವರು ಬೇರೆ ಬೇರೆ ಪ್ರಾಂತಗಳಲ್ಲಿ ಇದರ ಪಟ್ಟಿಗೆ ಸೇರಿದರು. ಪಟ್ಟಿಗೆ ಸೇರಿದವನು ಪೋಲೀಸರೆದುರು ಹಾಜರಿ ಕೊಡಬೇಕು. ಅಪ್ಪಣೆಯಿಲ್ಲದೆ ಊರು ಬಿಡಬಾರದು. ಹುಬ್ಬಳ್ಳಿ, ಗದಗಗಳಲ್ಲಿ ಇಂಥವರನ್ನು ಕೂಡಿಟ್ಟ ಕೇರಿಗಳಿಗೆ ಸೆಟ್ಲಮೆಂಟ್ ಎಂಬ ಹೆಸರು ಅಂಟಿಕೊಂಡಿತು. ಕೆಲವು ಪ್ರಾಂತಗಳು ಮುಂಚಿತವಾಗಿಯೇ ಇದನ್ನು ತೆಗೆದುಹಾಕಿದುವಾದರೂ ದೇಶಕ್ಕೆಲ್ಲ ಇದು ರದ್ದಾದುದು 1952ರ ಆಗಸ್ಟ್ 31ರಂದು. ಎಂದರೆ ಸ್ವಾತಂತ್ರ್ಯ ಬಂದ ಐದು ವರ್ಷ ಹದಿನಾರು ದಿನಗಳ ಮೇಲೆ.

ಇವರು ಮಾಡಿದ್ದ ಅಪರಾಧವಾದರೂ ಏನು? ಲಂಬಾಣಿಗರು ಎತ್ತುಗಳ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೇರಿಕೊಂಡು ದೇಶವನ್ನೆಲ್ಲ ಸುತ್ತಿದವರು. ರೈಲು ಬಂದು ಆ ವ್ಯಾಪಾರವನ್ನು ನುಂಗಿತು. ಅನ್ನ ಕಳೆದುಕೊಂಡವನನ್ನೇ ಸರಕಾರವು ಕಳ್ಳನೆಂದು ಬರೆದುಕೊಂಡಿತು. ಇದೇ ಜನರ ಆರಾಧ್ಯರಾದ ಸಂತ ಸೇವಾಲಾಲರ ಕ್ಷೇತ್ರ ಸೂರಗೊಂಡನಕೊಪ್ಪವು ನಮ್ಮ ನ್ಯಾಮತಿ ತಾಲ್ಲೂಕಿನಲ್ಲಿಯೇ ಇದೆ ಎಂಬುದನ್ನು ವಾಚಕರು ಬಲ್ಲರು.

ಕಾಯಿದೆ ಅಳಿದರೂ ಅದರ ಬುದ್ಧಿ ಅಳಿದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಕ್ಕಿಪಿಕ್ಕಿಗಳ ಬೇಟೆಯನ್ನು ನಿಲ್ಲಿಸಿತು. ಕಾಡಿನ ರಕ್ಷಣೆ ಅಗತ್ಯವೇ. ಆದರೆ ವೃತ್ತಿಯನ್ನು ಕಿತ್ತುಕೊಂಡಷ್ಟು ಶೀಘ್ರವಾಗಿ ಬದಲಿ ಜೀವನೋಪಾಯವನ್ನು ಯಾರೂ ಕೊಡಲಿಲ್ಲ. ಗಿಡಮೂಲಿಕೆ, ಕೇಶತೈಲಗಳ ಗಂಟು ಹೊತ್ತು ಅವರು ಆಫ್ರಿಕದವರೆಗೆ ನಡೆದರು. 2023ರ ಏಪ್ರಿಲ್‌ನಲ್ಲಿ ಸುಡಾನಿನ ಯುದ್ಧದಲ್ಲಿ ಸಿಕ್ಕಿಬಿದ್ದವರ ಪೈಕಿ ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿಗಳೂ ಇದ್ದರು. ದೇಶವು ಹಡಗು ವಿಮಾನಗಳನ್ನು ಕಳುಹಿಸಿ ಅವರನ್ನು ಕರೆತಂದುದು ಶ್ಲಾಘ್ಯ. ಪರದೇಶದಲ್ಲಿ ಅವರನ್ನು ತನ್ನವರೆಂದು ಗುರುತಿಸಿದ ಧ್ವಜವು ಸ್ವಂತ ತಾಲ್ಲೂಕಿನಲ್ಲಿಯೂ ಹಾಗೆಯೇ ಗುರುತಿಸಬೇಡವೇ?

ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರಿನಲ್ಲಿ, ಸೆರೆಮನೆಗಳಲ್ಲಿ ಜಾತಿಯನ್ನು ನೋಡಿ ಕೆಲಸ ಹಂಚುವುದು ಸಂವಿಧಾನವಿರುದ್ಧವೆಂದು ಸಾರಿ, ಈ ಜನಾಂಗಗಳವರನ್ನು ಮನಬಂದಂತೆ ಬಂಧಿಸದಂತೆ ಎಚ್ಚರ ವಹಿಸಬೇಕೆಂದು ಪೋಲೀಸರಿಗೆ ವಿಧಿಸಿತು. ಸ್ವತಂತ್ರ ದೇಶದಲ್ಲಿ ಎಪ್ಪತ್ತೇಳು ವರ್ಷಗಳ ಮೇಲೂ ಇದನ್ನು ಹೇಳಬೇಕಾಗಿ ಬಂದುದೇ ನಮ್ಮೆಲ್ಲರ ಲಜ್ಜೆ.

ಆದುದರಿಂದ ಅಧಿಕಾರವರ್ಗದವರಲ್ಲಿ ನಮ್ಮ ಬಿನ್ನಹವಿಷ್ಟೆ. ದಾಖಲೆಯಿಲ್ಲದ ತಾಂಡಾ, ಕ್ಯಾಂಪುಗಳ ನಿವಾಸಿಗಳಿಗೆ ಮನೆ ನಿವೇಶನದ ಹಕ್ಕುಪತ್ರವನ್ನು ವಿಳಂಬವಿಲ್ಲದೆ ಕೊಡಲಿ. ಕಳವು ನಡೆದಾಗ ಠಾಣೆಯವರು ಮೊದಲು ಸಾಕ್ಷ್ಯವನ್ನು ಹುಡುಕಲಿ, ಜಾತಿಯನ್ನಲ್ಲ. ಪೇಟೆಯ ನಾಗರಿಕರಾದ ನಾವು ಆಗಸ್ಟ್ 31ನ್ನೂ ನೆನಪಿನಲ್ಲಿಡೋಣ. ಹದಿನೈದರಂದು ಏರಿಸಿದ ಧ್ವಜದ ಮಾನವು ಆ ದಿನದ ಲೆಕ್ಕದಿಂದ ತಿಳಿಯುವುದು.