ಅಜ್ಜಿಯಿಂದ ಬಂದ ಗುಂಗುರು

ದ್ವಿತೀಯ ಪಿಯುಸಿಯವರ ಬೀಳ್ಕೊಡುಗೆಗೆ ಇನ್ನು ಹತ್ತು ದಿನವಿತ್ತು. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಬೇಡಿಕೆ ಇಟ್ಟಳು.

"ಅಮ್ಮಾ, ಐದು ಸಾವಿರ ಬೇಕು. ಕೂದಲು ನೆಟ್ಟಗೆ ಮಾಡಿಸ್ಕೋತೀನಿ."

"ಇರೋ ಕೂದಲಿಗೆ ಏನಾಗಿದೆಯೇ?"

"ನೀನೇ ಹೇಳ್ತಿದ್ದೆಯಲ್ಲ, ಪೊದೆ ಅಂತ."

ನನ್ನ ಬಾಯಿ ಕಟ್ಟಿಹೋಯಿತು. ಹೌದು, ಹೇಳಿದ್ದೆ. ಒಂದು ಸಲವಲ್ಲ, ಹತ್ತು ವರ್ಷ ಹೇಳಿದ್ದೆ. ಒಲೆಯ ಮೇಲೆ ಉಪ್ಪಿಟ್ಟು, ಬೀದಿಯ ತುದಿಯಲ್ಲಿ ಶಾಲೆಯ ವ್ಯಾನಿನ ಹಾರ್ನು, ನನ್ನ ಮುಂದೆ ಮಣೆಯ ಮೇಲೆ ಕುಳಿತ ಹುಡುಗಿ. ಒಣಗಿದ ಗುಂಗುರು ಕೂದಲಿಗೆ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ಎಳೆಯುತ್ತಿದ್ದೆ. ಅವಳು ಅಳುತ್ತಿದ್ದಳು. "ಯಾರ ಮನೆಯಿಂದ ಬಂತೋ ಈ ಪೊದೆ!" ಎಂದು ನಾನು ಗೊಣಗುತ್ತಿದ್ದೆ.

ಯಾರ ಮನೆಯಿಂದ ಎಂಬುದು ನನಗೆ ಗೊತ್ತೇ ಇತ್ತು. ನಮ್ಮ ಅತ್ತೆ ಅಲ್ಲೇ ಮೂಲೆಯಲ್ಲಿ ಹೂ ಕಟ್ಟುತ್ತ ಕುಳಿತಿರುತ್ತಿದ್ದರು. ಏನೂ ಅನ್ನುತ್ತಿರಲಿಲ್ಲ. ತಮ್ಮ ತುರುಬನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು, ಅಷ್ಟೆ.

ಅಂದು ಮಗಳ ಮಾತು ಕೇಳಿ ಅತ್ತೆ ಮೊದಲ ಬಾರಿಗೆ ಬಾಯಿ ತೆರೆದರು. "ಗುಂಗುರು ಕೂದಲನ್ನ ಒಣಗಿದ ಮೇಲೆ ಬಾಚಬಾರದು ಕಣಮ್ಮ. ಒದ್ದೆ ಇದ್ದಾಗಲೇ ಬೆರಳಲ್ಲಿ ಬಿಡಿಸಬೇಕು."

"ಮೊದಲೇ ಹೇಳಬಾರದಿತ್ತಾ ಅತ್ತೆ?"

"ನೀನು ಕೇಳಲಿಲ್ಲವಲ್ಲ."

ಆಮೇಲೆ ನಾನೂ ಸ್ವಲ್ಪ ಓದಿಕೊಂಡೆ. ಕೂದಲು ಗುಂಗುರಾಗುವುದು ನಾವು ಬಾಚುವ ರೀತಿಯಿಂದಲ್ಲ, ಅದು ಹುಟ್ಟುವ ಬುಡದಿಂದ. ಚರ್ಮದೊಳಗಿನ ಆ ಕುಳಿ ಬಾಗಿದ್ದರೆ ಕೂದಲೂ ಬಾಗಿಯೇ ಹೊರಬರುತ್ತದೆ. ನೆತ್ತಿಯ ಸಹಜ ಎಣ್ಣೆಯಂಶ ನೇರ ಕೂದಲಿನಲ್ಲಿ ಸಲೀಸಾಗಿ ಕೆಳಗಿಳಿಯುತ್ತದೆ. ಸುರುಳಿಯಲ್ಲಿ ತುದಿ ಮುಟ್ಟುವುದು ಕಷ್ಟ. ಅದಕ್ಕೇ ಗುಂಗುರು ಕೂದಲು ಬೇಗ ಒಣಗುತ್ತದೆ. ಒಣಗಿದ್ದನ್ನು ಬಾಚಿದರೆ ಸುರುಳಿಗಳು ಒಡೆದು ಹರಡಿಕೊಳ್ಳುತ್ತವೆ. ನಾನು 'ಪೊದೆ' ಎನ್ನುತ್ತಿದ್ದುದು ನನ್ನ ಬಾಚಣಿಗೆಯೇ ಮಾಡಿದ ಪೊದೆ!

ಪಾರ್ಲರಿನಲ್ಲಿ ಏನು ಮಾಡುತ್ತಾರೆ? ಬರೀ ಬಿಸಿ ಕೊಟ್ಟು ನೆಟ್ಟಗೆ ಮಾಡಿದರೆ ಅದು ನೀರು ತಾಗುವ ತನಕ ಮಾತ್ರ. ರಾಸಾಯನಿಕ ಹಚ್ಚಿದರೆ ತಿಂಗಳುಗಟ್ಟಲೆ ನಿಲ್ಲುತ್ತದೆ, ಆದರೆ ಅದು ಕೂದಲಿನ ಒಳಗಿನ ಕಟ್ಟನ್ನೇ ಒಡೆದು ಜೋಡಿಸುವ ಕೆಲಸ. ಇಂಥ ಕೆಲವು ದ್ರಾವಣಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ಬಿಡುತ್ತವೆ. ಅದು ಕ್ಯಾನ್ಸರ್ ತರಬಲ್ಲ ವಸ್ತು. ಇಷ್ಟಾದರೂ ಬುಡ ಬದಲಾಗುವುದಿಲ್ಲ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಹೊಸ ಕೂದಲು ಮತ್ತೆ ಗುಂಗುರಾಗಿಯೇ ಬರುತ್ತದೆ.

ನೆಟ್ಟಗಿನ ಕೂದಲೇ ಚೆಂದ ಎಂದು ನಮಗೆ ಹೇಳಿಕೊಟ್ಟವರಾದರೂ ಯಾರು? ಶಾಂಪೂ ಜಾಹೀರಾತು ಇರಬಹುದು. ನಮ್ಮ ಹಿರಿಯರಂತೂ ಅಲ್ಲ. ಹಣೆಯ ಮೇಲೆ ಇಳಿಯುವ ಸುರುಳಿಗೆ 'ಮುಂಗುರುಳು' ಎಂಬ ಮುದ್ದಾದ ಹೆಸರಿಟ್ಟ ಭಾಷೆ ನಮ್ಮದು. ಶ್ರವಣಬೆಳಗೊಳದ ಬೆಟ್ಟ ಹತ್ತಿದವರು ಗೊಮ್ಮಟನ ತಲೆಯನ್ನು ನೋಡಿಯೇ ಇರುತ್ತೀರಿ. ಸಾವಿರ ವರ್ಷದ ಹಿಂದೆ, 58 ಅಡಿಯ ಆ ಮೂರ್ತಿಗೆ ಶಿಲ್ಪಿ ಒಂದೊಂದೇ ಸುರುಳಿಯನ್ನು ತಾಳ್ಮೆಯಿಂದ ಕಡೆದಿದ್ದಾನೆ. ಇದನ್ನು ಹೇಳಿದಾಗ ಮಗಳು, "ಅವನಿಗೆ ಸ್ಕೂಲ್ ವ್ಯಾನ್ ಇರಲಿಲ್ಲ ಬಿಡು" ಎಂದಳು. ಅದೂ ನಿಜವೇ.

"ಐದು ಸಾವಿರ ಕೊಡ್ತೀನಿ. ಅದಕ್ಕೆ ಮೊದಲು ಒಂದು ಭಾನುವಾರ ಅಜ್ಜಿಗೆ ಕೊಡು" ಎಂದೆ. ಒಪ್ಪಿದಳು. ಅಜ್ಜಿ ಶಾಂಪೂವನ್ನು ಬುಡಕ್ಕಷ್ಟೇ ಹಚ್ಚಿಸಿದರು. ತೊಟ್ಟಿಕ್ಕುವ ಕೂದಲನ್ನು ಬೆರಳಿನಿಂದಲೂ ಅಗಲ ಹಲ್ಲಿನ ಬಾಚಣಿಗೆಯಿಂದಲೂ ತುದಿಯಿಂದ ಮೇಲಕ್ಕೆ ಬಿಡಿಸಿದರು. ಅಂಗೈಯಲ್ಲಿ ನಾಲ್ಕೇ ಹನಿ ಕೊಬ್ಬರಿ ಎಣ್ಣೆ ಸವರಿಕೊಂಡು ತುದಿಗೆ ಹಚ್ಚಿದರು. ಟವೆಲಿನಲ್ಲಿ ಉಜ್ಜದೆ ಹಳೆಯ ಪಂಚೆಯ ತುಂಡಿನಲ್ಲಿ ಒತ್ತಿ ನೀರು ತೆಗೆದರು. "ಒಣಗೋವರೆಗೆ ಮುಟ್ಟಬೇಡ" ಎಂದು ಬಿಸಿಲಲ್ಲಿ ಕೂರಿಸಿದರು.

ಸುರುಳಿಗಳು ಒಂದೊಂದಾಗಿ ಬಿಡಿಯಾಗಿ ನಿಂತವು. ಮಗಳು ಬಹಳ ಹೊತ್ತು ಕನ್ನಡಿಯ ಮುಂದೆ ನಿಂತಿದ್ದು, "ಅಜ್ಜಿ, ನಿಮ್ಮ ತುರುಬು ಬಿಚ್ಚಿ" ಎಂದಳು. ಎರಡು ತಲೆ ಕನ್ನಡಿಯಲ್ಲಿ ಅಕ್ಕಪಕ್ಕ. ಒಂದು ಬಿಳಿ, ಒಂದು ಕಪ್ಪು, ಸುರುಳಿ ಒಂದೇ.

ಬೀಳ್ಕೊಡುಗೆಗೆ ಹಾಗೆಯೇ ಹೋದಳು. ಮಳೆಗಾಲದ ತೇವಕ್ಕೆ ಈಗಲೂ ಕೂದಲು ಉಬ್ಬುತ್ತದೆ, ಅಂದು ಮುನಿಸು ಇದ್ದೇ ಇರುತ್ತದೆ. ಮುಂದೊಂದು ದಿನ ನೆಟ್ಟಗೆ ಮಾಡಿಸಿಕೊಂಡರೂ ಮಾಡಿಸಿಕೊಂಡಾಳು, ಕೂದಲು ಅವಳದು. ಅದು ನನ್ನ ಮಾತಿಗೆ ಹೆದರಿ ಆಗದಿದ್ದರೆ ಸಾಕು.

ಮಕ್ಕಳ ತಲೆ ಬಾಚುವ ತಾಯಂದಿರೇ, ಗಡಿಬಿಡಿಯಲ್ಲಿ ನಾವಾಡುವ ಮಾತನ್ನು ನಾವು ವ್ಯಾನು ಹೊರಡುತ್ತಲೇ ಮರೆಯುತ್ತೇವೆ. ಮಣೆಯ ಮೇಲೆ ಕುಳಿತವರು ಮರೆಯುವುದಿಲ್ಲ.