ಹೊಸ ಚೈನು ಕೊಳ್ಳುವ ಮುನ್ನ

ಮೋಟಾರ್ ಬೈಕಿನ ಚೈನು ಬಾಯಿಲ್ಲದ ಸೇವಕನಂತೆ. ಮಳೆ, ಧೂಳು, ಕೆಸರುಗಳನ್ನೆಲ್ಲ ತಾನುಂಡು ಯಜಮಾನನನ್ನು ಊರು ಮುಟ್ಟಿಸುತ್ತದೆ. ಕೈಕೊಟ್ಟ ದಿನ ಮಾತ್ರ ಅದರ ನೆನಪು ನಮಗಾಗುತ್ತದೆ.

ನನ್ನ ತಮ್ಮನ ಮಗನಿಗೂ ಹಾಗೆಯೇ ಆಯಿತು. ಸಕಲೇಶಪುರದ ಕಡೆ ಕಾಫಿ ತೋಟವೊಂದರಲ್ಲಿ ಕೆಲಸದಲ್ಲಿರುವ ಅವನು, ಏರುತಗ್ಗಿನ ಹಾದಿಗೆಂದು ಒರಟು ಟೈರಿನ ಚಿಕ್ಕ ಟ್ರೇಲ್ ಬೈಕೊಂದನ್ನು ಇಟ್ಟುಕೊಂಡಿದ್ದಾನೆ. ಕಳೆದ ಮಳೆಗಾಲದಲ್ಲಿ, ಇಳಿಜಾರೊಂದರಲ್ಲಿ ಚೈನು ಹಲ್ಲು ತಪ್ಪಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಿತು. ಚಕ್ರ ಬಿಗಿದು ನಿಂತಿತು. ಬಿದ್ದುದು ಕೆಸರಿನಲ್ಲಾದ್ದರಿಂದ ಮೊಣಕೈ ತರಚಿತಷ್ಟೆ. ಹೆದ್ದಾರಿಯಾಗಿದ್ದರೆ? ಆ ಚೈನು ಹಾಕಿಸಿ ಐದು ತಿಂಗಳೂ ತುಂಬಿರಲಿಲ್ಲ.

“ದೊಡ್ಡಪ್ಪಾ, ಈ ಸಲ ಎಲ್ಲಕ್ಕಿಂತ ಗಟ್ಟಿಯಾದ ಚೈನು ಕೊಳ್ಳುತ್ತೇನೆ” ಎಂದ.

“ಗಟ್ಟಿತನದ ಪ್ರಶ್ನೆಯೇ ಅಲ್ಲವಪ್ಪ ಇದು” ಎಂದೆ.

ಚಿಕ್ಕ ಬೈಕಿನ ಸಾಧಾರಣ ಚೈನು ಕೂಡ ಒಂದೂವರೆ ಟನ್ನಿಗೂ ಮೀರಿದ ಎಳೆತವನ್ನು ತಡೆಯಬಲ್ಲದು. ಅದು ಕಡಿದು ಸಾಯುವುದಕ್ಕಿಂತ ಸವೆದು ಸಾಯುವುದೇ ಹೆಚ್ಚು. 1880ರಲ್ಲಿ ಮ್ಯಾಂಚೆಸ್ಟರಿನ ಹ್ಯಾನ್ಸ್ ರೆನಾಲ್ಡ್ ರೂಪಿಸಿದ ರೋಲರ್ ಚೈನಿನ ರಚನೆಯೇ ಇಂದಿಗೂ ಉಳಿದಿದೆ: ಪ್ರತಿಯೊಂದು ಕೀಲಿನಲ್ಲಿಯೂ ಬುಷ್ ಒಂದರೊಳಗೆ ಪಿನ್ ತಿರುಗುತ್ತದೆ. ಗ್ರೀಸ್ ಹೊರಟುಹೋಗಿ ಮರಳು ಒಳಸೇರಿದರೆ, ಪಿನ್ನೂ ಬುಷ್ಷೂ ಒಂದನ್ನೊಂದು ಅರೆಯತೊಡಗುತ್ತವೆ. ಒಂದು ಕೀಲಿನಲ್ಲಿ ಸವೆಯುವುದು ಕೂದಲೆಳೆಯಷ್ಟೇ. ನೂರಕ್ಕೂ ಮಿಕ್ಕ ಕೀಲುಗಳ ಸವೆತ ಸೇರಿದಾಗ ಚೈನು ಉದ್ದವಾಗುತ್ತದೆ. ‘ಚೈನು ಹಿಗ್ಗಿದೆ’ ಎಂದು ನಾವು ಹೇಳುವುದು ಇದನ್ನೇ; ಕಬ್ಬಿಣ ಹಿಗ್ಗಿರುವುದಿಲ್ಲ.

ಇದನ್ನು ಅಳೆಯಲು ಪಂಡಿತರೇನೂ ಬೇಕಿಲ್ಲ. 428 ಎಂಬ ಅಳತೆಯ ಚೈನನ್ನು ಬಿಗಿಯಾಗಿ ಎಳೆದು ಹಿಡಿದು, ಒಂದು ಪಿನ್ನಿನ ನಡುವಿನಿಂದ ಇಪ್ಪತ್ತೊಂದನೆಯ ಪಿನ್ನಿನ ನಡುವಿಗೆ ಅಳೆಯಿರಿ. ಹೊಸದಾದರೆ 254 ಮಿಲಿಮೀಟರು ಇರುತ್ತದೆ. 259 ಮುಟ್ಟಿತೆಂದರೆ ಅದರ ಆಯುಷ್ಯ ಮುಗಿಯಿತೆಂದೇ ತಿಳಿಯತಕ್ಕದ್ದು.

ಇನ್ನು ಅಂಗಡಿಗೆ ಹೋಗುವ ಮಾತು. ಚೈನಿನ ಪಕ್ಕದ ತಗಡಿನ ಮೇಲೆ ಒತ್ತಿರುವ ಅಂಕಿಯೇ ಅದರ ಜಾತಕ. ಮೊದಲನೆಯ ಅಂಕಿ ಪಿನ್ನಿನಿಂದ ಪಿನ್ನಿಗಿರುವ ದೂರವನ್ನು ಹೇಳುತ್ತದೆ: 4 ಎಂದರೆ ಅರ್ಧ ಅಂಗುಲ, 5 ಎಂದರೆ ಅಂಗುಲದ ಎಂಟರಲ್ಲಿ ಐದು ಪಾಲು. ಮಿಕ್ಕ ಎರಡು ಅಂಕಿಗಳು ಒಳಗಲವನ್ನು ಸೂಚಿಸುತ್ತವೆ: 20 ಎಂದರೆ ಕಾಲು ಅಂಗುಲ, 28 ಎಂದರೆ ಅದಕ್ಕಿಂತ ತುಸು ಅಗಲ. ಆದುದರಿಂದ 420, 428, 520 ಒಂದರ ಸ್ಥಾನದಲ್ಲಿ ಇನ್ನೊಂದು ಕೂಡಲಾರವು. ಕೊನೆಯಲ್ಲಿ ‘ಎಚ್’ ಇದ್ದರೆ ತಗಡು ದಪ್ಪವೆಂದರ್ಥ. ಬೈಕಿನ ಕೈಪಿಡಿಯಲ್ಲಿರುವ ಅಂಕಿಯನ್ನೂ ಕೊಂಡಿಗಳ ಎಣಿಕೆಯನ್ನೂ ಚೀಟಿಯಲ್ಲಿ ಬರೆದುಕೊಂಡೇ ಹೋಗಿರಿ.

ಆಯ್ಕೆ ಉಳಿಯುವುದು ಒಂದೇ: ಸಾದಾ ಚೈನೋ, ಓ-ರಿಂಗ್ ಚೈನೋ? ಎರಡನೆಯದರಲ್ಲಿ ಪ್ರತಿ ಕೀಲಿಗೂ ಪುಟ್ಟ ರಬ್ಬರ್ ಬಳೆಗಳಿದ್ದು, ಕಾರ್ಖಾನೆಯಲ್ಲಿ ತುಂಬಿದ ಗ್ರೀಸನ್ನು ಒಳಗೂ ಕೆಸರನ್ನು ಹೊರಗೂ ಇರಿಸುತ್ತವೆ. ಪೇಟೆಯ ಬೈಕುಗಳಲ್ಲಿ ಅನೇಕಕ್ಕೆ ಚೈನನ್ನು ಪೂರ್ತಿ ಮುಚ್ಚುವ ಕವಚವಿರುವುದರಿಂದ ಅವುಗಳಿಗೆ ಸಾದಾ ಚೈನು ಸಾಕು. ಟ್ರೇಲ್ ಬೈಕಿನ ಚೈನಾದರೋ ಬಯಲಿನಲ್ಲಿಯೇ ಓಡುತ್ತದೆ. ಬೆಲೆ ಹೆಚ್ಚಾದರೂ ಅದಕ್ಕೆ ಓ-ರಿಂಗ್ ಚೈನೇ ತಕ್ಕದ್ದು. ಆದರೆ ಅದು ಹೊರಗಿನಿಂದ ತುಸು ಅಗಲ. ಮುಂದಿನ ಹಲ್ಲುಚಕ್ರದ ಬಳಿ ಎಂಜಿನ್ನಿಗೆ ತಾಗದೆಂಬುದನ್ನು ಮೊದಲೇ ನೋಡಿಕೊಳ್ಳಬೇಕು. ತೊಳೆಯುವಾಗ ಪೆಟ್ರೋಲೂ ತಂತಿಯ ಬ್ರಷ್ಷೂ ಬೇಡ. ಅವು ರಬ್ಬರನ್ನು ಕೆಡಿಸುತ್ತವೆ. ಸೀಮೆಎಣ್ಣೆ, ಮೆದು ಬ್ರಷ್ ಸಾಕು.

ಹುಡುಗನ ನಿಜವಾದ ತಪ್ಪು ಬೇರೆಯೇ ಇತ್ತು. ಖರ್ಚು ಉಳಿಸಲೆಂದು ಸವೆದು ಕೊಕ್ಕೆಯಂತಾಗಿದ್ದ ಹಳೆಯ ಹಲ್ಲುಚಕ್ರಗಳ ಮೇಲೆಯೇ ಹೊಸ ಚೈನು ಹಾಕಿಸಿದ್ದ. “ಇನ್ನೂ ಓಡುತ್ತೆ ಬಿಡಿ” ಎಂದಿದ್ದನಂತೆ ರಿಪೇರಿಯವನು. ಓಡಿತು, ಜೊತೆಗೆ ಹೊಸ ಚೈನನ್ನೂ ತಿಂದುಹಾಕಿತು. ಎರಡು ಚಕ್ರಗಳನ್ನೂ ಚೈನನ್ನೂ ಒಟ್ಟಿಗೇ ಬದಲಾಯಿಸುವುದು ದುಬಾರಿಯಲ್ಲ, ಉಳಿತಾಯ.

ಕೊನೆಗೆ ಎರಡು ಮಾತು. ಜೋಡಿಸುವ ಕೊಂಡಿಗೆ ಕ್ಲಿಪ್ ಇದ್ದರೆ, ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗಿರಲಿ. ಚೈನನ್ನು ವೀಣೆಯ ತಂತಿಯಂತೆ ಬಿಗಿಯದಿರಿ. ಕುಣಿಯುವ ಹಾದಿಯಲ್ಲಿ ಹಿಂದಿನ ಚಕ್ರ ಮೇಲೆದ್ದಾಗ ಅದು ತಾನೇ ಬಿಗಿಯಾಗುತ್ತದೆ. ಕೈಪಿಡಿ ಹೇಳಿದಷ್ಟು ಸಡಿಲ ಇರಲೇಬೇಕು.

ಹುಡುಗ ಈಗ ಓ-ರಿಂಗ್ ಚೈನನ್ನೂ ಹೊಸ ಹಲ್ಲುಚಕ್ರಗಳನ್ನೂ ಹಾಕಿಸಿದ್ದಾನೆ. ಭಾನುವಾರ ಬೆಳಿಗ್ಗೆ ಅಳತೆಪಟ್ಟಿ ಹಿಡಿದು ಬೈಕಿನ ಬಳಿ ಕೂರುತ್ತಾನೆಂದು ಅವನ ತಾಯಿ ಹೇಳಿದಳು. ರಾತ್ರಿ ಅವನು ತಡವಾಗಿ ಬಂದರೂ ಈಗ ಅವಳಿಗೆ ಮೊದಲಿನಷ್ಟು ದಿಗಿಲಿಲ್ಲವಂತೆ.